ಮೈಸೂರು ಮಹಾರಾಜರಿಂದ ರೆಕಾರ್ಡ್ ಆದ ರಷ್ಯನ್ ಪಿಯಾನೋ: ನಿಕೊಲಾಯ್ ಮೆಟ್ನರ್ ಬಗ್ಗೆ ಮಾತಾಡೋಣ

ಗ್ರಾಮಫೋನ್ ಪ್ಲೇಟು:

ಜಯಚಾಮರಾಜ ಒಡೆಯರ ಸಂಗೀತದ ಬಗ್ಗೆ ನಮ್ಮಲ್ಲಿ ಏನೇ ಬರಹ ಬಂದರೂ ಒಂದು ಸಾಲು ಇದ್ದೇ ಇರುತ್ತದೆ. ರಷ್ಯಾದ ಮೆಟ್ನರ್ ಎಂಬ ಪಿಯಾನೋ ವಾದಕರಿಗೆ ಮಹಾರಾಜರು ಸಹಾಯ ಮಾಡಿದ್ದರು, ಅಷ್ಟೇ. ಆ ಮೆಟ್ನರ್ ಯಾರು, ಅವರಿಗೆ ಸಹಾಯ ಯಾಕೆ ಬೇಕಾಯಿತು, ಅದರಿಂದ ಏನು ಉಳಿಯಿತು ಅಂತ ಯಾರೂ ಮುಂದೆ ಹೇಳುವುದಿಲ್ಲ. ಅದಕ್ಕೇ ಈ ಚರ್ಚೆ ಶುರು ಮಾಡುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ತಾಳ್ಮೆಯಿಂದ ಓದಿ.

ನಿಕೊಲಾಯ್ ಮೆಟ್ನರ್ ಹುಟ್ಟಿದ್ದು 1880ರ ಜನವರಿ 5ರಂದು, ಮಾಸ್ಕೋದಲ್ಲಿ. ಮನೆತನದ ಮೂಲ ಜರ್ಮನಿ. ಪಿಯಾನೋ ಮೊದಲು ಕಲಿಸಿದ್ದು ಅಮ್ಮ, ಆಮೇಲೆ ಸೋದರಮಾವ. ಹನ್ನೆರಡನೇ ವಯಸ್ಸಿಗೆ ಮಾಸ್ಕೋ ಕನ್ಸರ್ವೇಟರಿ, ಅಂದರೆ ಅಲ್ಲಿನ ಸಂಗೀತ ಕಾಲೇಜು ಸೇರಿದರು. 1900ರಲ್ಲಿ ಅಲ್ಲಿಂದ ಹೊರಗೆ ಬರುವಾಗ ಅವರ ಬ್ಯಾಚಿನ ಅತಿ ಒಳ್ಳೆಯ ವಾದಕರಲ್ಲಿ ಒಬ್ಬರು ಅಂತ ಹೆಸರಾಗಿತ್ತು. ಗುರು ವಾಸಿಲಿ ಸಫೋನೋವ್‌ಗೆ ಶಿಷ್ಯನನ್ನು ಯುರೋಪಿನ ಕಛೇರಿ ವೇದಿಕೆಗಳಿಗೆ ಹತ್ತಿಸುವ ಆಸೆ. ದಾರಿ ಸಿದ್ಧವಾಗಿತ್ತು. ಊರೂರು ಸುತ್ತುವುದು, ಎಲ್ಲರೂ ಕೇಳಬಯಸುವ ಕಾನ್ಸರ್ಟೋ (ಆರ್ಕೆಸ್ಟ್ರಾ ಜೊತೆ ಒಬ್ಬ ವಾದಕ ನುಡಿಸುವ ದೊಡ್ಡ ರಚನೆ) ನುಡಿಸುವುದು, ಹೆಸರು ಮತ್ತು ಹಣ.

ಮೆಟ್ನರ್ ಒಪ್ಪಲಿಲ್ಲ. ರಚನೆಯೇ ತನ್ನ ಕೆಲಸ ಅಂತ ಇಪ್ಪತ್ತನೇ ವಯಸ್ಸಿಗೆ ತೀರ್ಮಾನ ಮಾಡಿಬಿಟ್ಟರು. ಅಣ್ಣ ಎಮಿಲ್ ಬೆನ್ನಿಗೆ ನಿಂತರು. ಸೆರ್ಗೇಯ್ ತನೇಯೆವ್ ಕೂಡ. ಈ ಹುಡುಗ ಸೊನಾಟಾ ರೂಪವನ್ನು (ಒಂದೆರಡು ವಾದ್ಯಕ್ಕೆ ಬರೆಯುವ ದೊಡ್ಡ ರಚನೆಯ ಕಟ್ಟು) ಹುಟ್ಟುತ್ತಲೇ ತಂದಿದ್ದಾನೆ ಅಂತ ತನೇಯೆವ್ ಹೇಳಿದರಂತೆ. ಚೈಕೋವ್‌ಸ್ಕಿಯ ಶಿಷ್ಯ, ಇಡೀ ಮಾಸ್ಕೋಗೆ ರಚನಾಶಾಸ್ತ್ರ ಕಲಿಸಿದ ಮೇಷ್ಟ್ರು ಅಂಥ ಮಾತು ಸುಮ್ನೆ ಆಡುವವರಲ್ಲ.

ಮುಂದಿನ ಐವತ್ತು ವರ್ಷದ ಬಡತನ, ಅಲೆದಾಟ, ಖಾಲಿ ಸಭಾಂಗಣ, ಕೊನೆಗೆ ಮೈಸೂರಿನ ನೆರವು, ಎಲ್ಲಕ್ಕೂ ಆ ಒಂದು ತೀರ್ಮಾನವೇ ಕಾರಣ. ಅವರು ನುಡಿಸುವುದನ್ನು ಬಿಡಲಿಲ್ಲ. ಆದರೆ ವೇದಿಕೆಗೆ ಬಂದರೆ ಹೆಚ್ಚಾಗಿ ತಮ್ಮದೇ ರಚನೆ, ಜೊತೆಗೆ ಒಂದಿಷ್ಟು ಬೇಥೋವೆನ್. ಜನಕ್ಕೆ ಗೊತ್ತಿರುವುದನ್ನು ನುಡಿಸಿ ದುಡಿಯುವ ಕಛೇರಿ ವಾದಕ ಆಗಲಿಲ್ಲ.

ಇದನ್ನು ವಿಫಲ ಜೀವನ ಅಂತ ಬರೆಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಶಿವಮೊಗ್ಗದವನು:

ಚೆನ್ನಾಗಿದೆ ಸರ್, ಮುಂದುವರಿಸಿ. ನನಗೆ ರಷ್ಯಾದ ಇನ್ನೊಬ್ಬ ರಚನಕಾರ, ಪಿಯಾನೋ ವಾದಕ ರಾಖ್ಮಾನಿನೋಫ್ ಗೊತ್ತು, ಅವರ ಎರಡನೇ ಕಾನ್ಸರ್ಟೋ ಬಾಯಿಪಾಠ. ಅದೇ ಕಾಲ, ಅದೇ ಊರು, ಅದೇ ಕನ್ಸರ್ವೇಟರಿ. ಅವರಿಗೆ ಸಿಕ್ಕ ಹೆಸರು ಇವರಿಗೆ ಯಾಕೆ ಸಿಗಲಿಲ್ಲ? ಇಬ್ಬರಿಗೂ ಪರಿಚಯ ಇತ್ತೇ?

ಗ್ರಾಮಫೋನ್ ಪ್ಲೇಟು:

ಪರಿಚಯ ಅಷ್ಟೇ ಅಲ್ಲ, ಬದುಕಿಡೀ ಉಳಿದ ಸ್ನೇಹ. 1902ರ ಸುಮಾರಿಗೆ ಭೇಟಿ. ರಾಖ್ಮಾನಿನೋಫ್ ಏಳು ವರ್ಷ ದೊಡ್ಡವರು. 1921ರ ಒಂದು ಪತ್ರದಲ್ಲಿ ಅವರು ಮೆಟ್ನರ್‌ಗೆ ಬರೆಯುತ್ತಾರೆ: ರಷ್ಯಾದಲ್ಲಿದ್ದಾಗ ಹೇಳಿದ್ದನ್ನೇ ಮತ್ತೆ ಹೇಳುತ್ತೇನೆ, ನನ್ನ ಅಭಿಪ್ರಾಯದಲ್ಲಿ ನಮ್ಮ ಕಾಲದ ಅತಿ ದೊಡ್ಡ ಸಂಗೀತ ರಚನಕಾರ ನೀವು.

ರಾಖ್ಮಾನಿನೋಫ್ ತಮ್ಮ ನಾಲ್ಕನೇ ಕಾನ್ಸರ್ಟೋವನ್ನು ಮೆಟ್ನರ್‌ಗೆ ಅರ್ಪಿಸಿದರು. ಮೆಟ್ನರ್ ತಮ್ಮ ಎರಡನೇ ಕಾನ್ಸರ್ಟೋವನ್ನು ರಾಖ್ಮಾನಿನೋಫ್‌ಗೆ. ತಮ್ಮದು ತುಂಬಾ ಉದ್ದ ಆಯಿತು, ವಾಗ್ನರ್‌ನ ನಾಲ್ಕು ಸಂಜೆಯ ಒಪೆರಾ 'ರಿಂಗ್' ಥರ ಒಂದಾದ ಮೇಲೊಂದು ಸಂಜೆ ನುಡಿಸಬೇಕೇನೋ ಅಂತ ರಾಖ್ಮಾನಿನೋಫ್ 1926ರಲ್ಲಿ ಬರೆದರು. ಮೆಟ್ನರ್ ಒಪ್ಪಲಿಲ್ಲ. ಪುಟಗಳು ಇಷ್ಟು ಕಡಿಮೆ ಇರುವುದೇ ತಮಗೆ ಆಶ್ಚರ್ಯ ಅಂದರು. ಗೆಳೆಯ ಮತ್ತೆ ಬರೆಯಲು ಹಿಂಜರಿಯುತ್ತಿದ್ದ ಕಾಲದಲ್ಲಿ ಹೇಳಿದ ಮಾತು ಅದು.

ಹೆಸರಿನ ವಿಷಯ. ರಾಖ್ಮಾನಿನೋಫ್ 1917ರ ಕೊನೆಗೆ ದೇಶ ಬಿಟ್ಟರು, ಅಮೆರಿಕಕ್ಕೆ ಹೋಗಿ ಪೂರ್ತಿ ಕಛೇರಿ ವಾದಕರಾದರು. ಶೋಪಾನ್, ಶೂಮನ್, ಲಿಸ್ಟ್ ಎಲ್ಲವನ್ನೂ ಹೊಸದಾಗಿ ಅಭ್ಯಾಸ ಮಾಡಿ ವರ್ಷಕ್ಕೆ ಎಷ್ಟೋ ಕಛೇರಿ ಕೊಟ್ಟರು. ಅದರ ಬೆಲೆಯನ್ನೂ ತೆತ್ತರು, ರಚನೆ ತುಂಬಾ ಕಮ್ಮಿಯಾಯಿತು. ಮೆಟ್ನರ್ 1921ರಲ್ಲಿ ಹೊರಬಿದ್ದರು, ಬರ್ಲಿನ್‌ಗೆ. ಅಲ್ಲಿ ಅವರ ಸಂಗೀತಕ್ಕೆ ಕಿವಿಗೊಡುವವರು ಸಿಗಲಿಲ್ಲ. 1924ರಲ್ಲಿ ಅಮೆರಿಕ ಮತ್ತು ಕೆನಡಾ ಪ್ರವಾಸ ಕುದುರಿಸಿದ್ದು ರಾಖ್ಮಾನಿನೋಫ್ ಅವರೇ. ಆಮೇಲೆ ಪ್ಯಾರಿಸ್ ಹತ್ತಿರ ಮನೆ. 1927ರಲ್ಲಿ ಒಮ್ಮೆ ಸೋವಿಯತ್ ರಷ್ಯಾಕ್ಕೆ ಕಛೇರಿಗೆ ಹೋಗಿ ಬಂದರು. ಮತ್ತೆಂದೂ ತಾಯ್ನಾಡು ನೋಡಲಿಲ್ಲ. 1935ರಿಂದ ಕೊನೆಯವರೆಗೂ ಲಂಡನ್.

ಕಪ್ಪು ಬಿಳಿ ಮನೆಗಳು:

ನಾನು ಮೈಸೂರಿನಲ್ಲಿ ಪಿಯಾನೋ ಕಲಿಸುತ್ತೇನೆ. ಮಕ್ಕಳನ್ನು ಟ್ರಿನಿಟಿ ಗ್ರೇಡ್ ಪರೀಕ್ಷೆಗೆ ಕೂರಿಸುವುದೇ ನಮ್ಮ ದಿನದ ಕೆಲಸ. ಮೆಟ್ನರ್‌ನನ್ನು ಕೈಯಿಂದ ಗೊತ್ತು ಮಾಡಿಕೊಂಡವಳಾಗಿ ನನ್ನದೂ ನಾಲ್ಕು ಮಾತು ಸೇರಿಸುತ್ತೇನೆ.

ಅವರು ಬರೆದಿದ್ದರಲ್ಲಿ ಪಿಯಾನೋ ಇಲ್ಲದ ರಚನೆಯೇ ಇಲ್ಲ ಅನ್ನಬಹುದು. ಹದಿನಾಲ್ಕು ಪಿಯಾನೋ ಸೊನಾಟಾ, ಮೂರು ಕಾನ್ಸರ್ಟೋ, ಮೂರು ವಯಲಿನ್ ಸೊನಾಟಾ, ಐದು ವಾದ್ಯಗಳ ಒಂದು ಕ್ವಿಂಟೆಟ್, ನೂರಕ್ಕೂ ಜಾಸ್ತಿ ಹಾಡು. ಗೋಥೆ, ಪುಷ್ಕಿನ್, ತ್ಯುತ್ಚೆವ್ ಕವಿತೆಗಳಿಗೆ ಹಾಕಿದ ಹಾಡುಗಳಲ್ಲಿ ಪಿಯಾನೋ ಪಕ್ಕವಾದ್ಯ ಅಲ್ಲ, ಅದೂ ಹಾಡುತ್ತದೆ. ಇವಲ್ಲದೆ 'ಸ್ಕಾಜ್ಕಿ', ಅಂದರೆ ಕಥೆಗಳು, ಮೂವತ್ತಕ್ಕೂ ಹೆಚ್ಚು. ಒಂದೊಂದೂ ಕೆಲವೇ ನಿಮಿಷ. ಒಂದು ಲಿಯರ್ ದೊರೆಯದು, ಒಂದು ಒಫೀಲಿಯಾಳದು. ಕೊನೆಯ ಗುಚ್ಛಗಳಲ್ಲಿ ಒಂದನ್ನು ಸಿಂಡ್ರೆಲಾಗೆ ಮತ್ತು ರಷ್ಯನ್ ಜಾನಪದದ ಪೆದ್ದ ಇವಾನನಿಗೆ ಅರ್ಪಿಸಿದ್ದಾರೆ.

ಕೈಗೆ ಇವು ಕಷ್ಟ. ಆದರೆ ಕಷ್ಟ ಕೇಳುಗರಿಗೆ ಕಾಣುವುದಿಲ್ಲ, ಅದೇ ತೊಂದರೆ. ಲಿಸ್ಟ್ ನುಡಿಸಿದರೆ ಸಭೆ ಬಾಯಿ ಬಿಟ್ಟು ನೋಡುತ್ತದೆ. ಮೆಟ್ನರ್‌ನಲ್ಲಿ ಬಲಗೈ ಒಂದು ಎಣಿಕೆ, ಎಡಗೈ ಇನ್ನೊಂದು ಎಣಿಕೆ. ನಡುವೆ ಹೆಬ್ಬೆರಳಿನಲ್ಲಿ ಮೂರನೇ ಧ್ವನಿ ನಡೆಯುತ್ತಿರುತ್ತದೆ. ಅಷ್ಟು ಬೆವರು ಸುರಿಸಿದರೂ ಕೇಳುವವರಿಗೆ ಶಾಂತವಾಗಿ ಮಾತಾಡಿದ ಹಾಗಿರುತ್ತದೆ. ಕಛೇರಿ ವಾದಕರಿಗೆ ಇದು ಲಾಭದ ಬಾಬ್ತಲ್ಲ.

'ರಾತ್ರಿ ಗಾಳಿ' ಅಂತ ಕರೆಯುವ ಸೊನಾಟಾ ಒಂದಿದೆ, ಆಪಸ್ (ಕೃತಿ ಸಂಖ್ಯೆ) 25ರ ಎರಡನೆಯದು, 1911ರದ್ದು. ಅರ್ಪಣೆ ರಾಖ್ಮಾನಿನೋಫ್‌ಗೆ. ತ್ಯುತ್ಚೆವ್ ಕವಿತೆಯ ಸಾಲುಗಳು ಸ್ವರಲಿಪಿಯ ಶುರುವಿನಲ್ಲೇ ಅಚ್ಚಾಗಿವೆ. ಅರ್ಧ ಗಂಟೆಗೂ ಹೆಚ್ಚು ಹೊತ್ತು ನಿಲ್ಲದೆ ಹೋಗುತ್ತದೆ. ಮೊದಲ ಭಾಗದ ತಾಳ ಹದಿನೈದು ಭಾಗ ಎಂಟು. ನಮ್ಮ ಸಂಗೀತ ಗೊತ್ತಿರುವವರಿಗೆ ಹೇಳುವುದಾದರೆ ಐದು ಎಣಿಕೆ, ಒಂದೊಂದೂ ತಿಸ್ರ ನಡೆ. ಕೈಯಲ್ಲಿ ತಾಳ ಹಾಕಿಕೊಂಡು ಕೇಳಿ ನೋಡಿ. ಎಲ್ಲೂ ಲೆಕ್ಕ ಅನ್ನಿಸುವುದಿಲ್ಲ, ಗಾಳಿ ತಾನಾಗಿ ಏರಿ ಇಳಿದಂತೆ ಇರುತ್ತದೆ.

ವೀಣೆ ಬೀದಿ:

ಮೇಡಂ, ಈಗಷ್ಟೇ ತಾಳ ಹಾಕಿಕೊಂಡು ಕೇಳಿದೆ. ನಿಜ, ಐದು ಸರಿಯಾಗಿ ಕೂರುತ್ತದೆ. ಆದರೆ ರಾಗ ಹಿಡಿಯುವ ಅಭ್ಯಾಸ ಇರುವವರಿಗೆ ಈ ಸಂಗೀತದ ಒಳಗೆ ಹೋಗುವುದು ಹೇಗೆ? ಹತ್ತು ನಿಮಿಷಕ್ಕೇ ದಾರಿ ತಪ್ಪಿತು.

ಕಪ್ಪು ಬಿಳಿ ಮನೆಗಳು:

ಮೊದಲ ನಿಮಿಷದಲ್ಲಿ ಬರುವ ಪುಟ್ಟ ಸ್ವರಗುಚ್ಛವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಮೆಟ್ನರ್ ಅದನ್ನು ಕೊನೆಯವರೆಗೂ ಕೈ ಬಿಡುವುದಿಲ್ಲ. ತಲೆಕೆಳಗು ಮಾಡುತ್ತಾರೆ, ಎಳೆಯುತ್ತಾರೆ, ಎಡಗೈಯ ಆಳದಲ್ಲಿ ಬಚ್ಚಿಡುತ್ತಾರೆ. ಆದರೆ 'ರಾತ್ರಿ ಗಾಳಿ'ಯಿಂದ ಶುರು ಮಾಡಬೇಡಿ. 'ಸೊನಾಟಾ ರೆಮಿನಿಶೆನ್ಸಾ' ಕೇಳಿ, ಆಪಸ್ 38ರ ಮೊದಲನೆಯದು. ಎಮಿಲ್ ಗಿಲೆಲ್ಸ್ ನುಡಿಸಿದ್ದು ಸಿಗುತ್ತದೆ. ಕ್ರಾಂತಿಯ ನಂತರದ ಕಷ್ಟದ ವರ್ಷಗಳಲ್ಲಿ, ರಷ್ಯಾ ಬಿಡುವ ಮುಂಚೆ ಬರೆದದ್ದು. ಮೊದಲ ಸಾಲು ಮಧ್ಯದಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ ಮರಳಿ ಬರುತ್ತದೆ. ಕಿವಿಗೆ ಹಿಡಿಯಲು ಅದೇ ಸಾಕು.

ನೇರಮಾತು:

ಸಂಗೀತ ದೊಡ್ಡದೇ ಇರಬಹುದು. ಆದರೆ ಕರಿಯರ್ ಕೆಟ್ಟಿದ್ದಕ್ಕೆ ಲೋಕವನ್ನೇ ದೂರಬೇಕಾ? ಅವರ ಸ್ವಭಾವವನ್ನೂ ನೋಡಿ. 1910ರಲ್ಲಿ ಬೇಥೋವೆನ್ ನಾಲ್ಕನೇ ಕಾನ್ಸರ್ಟೋ ರಿಹರ್ಸಲ್‌ನಲ್ಲಿ ಡಚ್ ಕಂಡಕ್ಟರ್ ವಿಲೆಮ್ ಮೆಂಗೆಲ್‌ಬರ್ಗ್ ಜೊತೆ ಜಗಳ, ಎದ್ದು ಹೊರಟೇ ಹೋದರು. 1935ರಲ್ಲಿ ಒಂದು ಪುಸ್ತಕ ಬರೆದರು, 'ಮ್ಯೂಸ್ ಮತ್ತು ಫ್ಯಾಷನ್'. ಹೊಸ ಸಂಗೀತವೆಲ್ಲ ದಾರಿ ತಪ್ಪಿದೆ ಅಂತ ಅದರ ವಾದ. ಅದನ್ನು ಅಚ್ಚು ಹಾಕಿಸಿದ್ದೂ ರಾಖ್ಮಾನಿನೋಫ್ ಅವರ ಪ್ರಕಾಶನವೇ. ಸ್ಟ್ರಾವಿನ್‌ಸ್ಕಿ, ಷೋನ್‌ಬರ್ಗ್ ಅಂಥ ಹೊಸ ದಾರಿಯ ರಚನಕಾರರ ಕಾಲದಲ್ಲಿ ಕುಳಿತು ಬೇಥೋವೆನ್ ವ್ಯಾಕರಣ ಬಿಡಲ್ಲ ಅಂದರೆ ಯುವ ಕೇಳುಗರು ಹತ್ತಿರ ಬರುತ್ತಾರೆಯೇ?

ಗ್ರಾಮಫೋನ್ ಪ್ಲೇಟು:

ಮೆಂಗೆಲ್‌ಬರ್ಗ್ ಪ್ರಸಂಗ ನಿಜ. ಆದರೆ ಆಗ ಮಾಸ್ಕೋದ ಎಷ್ಟೋ ಸಂಗೀತಗಾರರು ಬಹಿರಂಗವಾಗಿ ಮೆಟ್ನರ್ ಪರ ನಿಂತರು ಅನ್ನುವುದನ್ನೂ ಸೇರಿಸಿ. ಎಲ್ಲರ ಮುಂದೆ ಅವಮಾನ ಮಾಡಿದರೆ ಎದ್ದು ಹೋಗುವುದು ಸ್ವಾಭಿಮಾನ.

ಪುಸ್ತಕದ ವಿಷಯದಲ್ಲಿ ನಿಮ್ಮ ಮಾತಿಗೆ ತೂಕ ಇದೆ. ಅದು ಕಟುವಾದ ಪುಸ್ತಕ. ಎಲ್ಲರನ್ನೂ ಒಂದೇ ಏಟಿಗೆ ತಳ್ಳಿಹಾಕುತ್ತದೆ. ಆದರೂ ಒಂದು ಯೋಚನೆ ಮಾಡಿ. ಕೆಲಸ ಸಿಗಲಿ ಅಂತ ಅವರು ತಮ್ಮ ಸಂಗೀತ ಬದಲಿಸಲಿಲ್ಲ. ಇಪ್ಪತ್ತರಲ್ಲಿ ಏನು ನಂಬಿದ್ದರೋ ಎಪ್ಪತ್ತರಲ್ಲೂ ಅದನ್ನೇ ನಂಬಿದರು. ಹಸಿವಿನಲ್ಲೂ ನಂಬಿದರು. ಅದನ್ನು ಹಟ ಅಂತ ಕರೆದು ಕೈತೊಳೆದುಕೊಳ್ಳಲು ನನ್ನಿಂದ ಆಗುವುದಿಲ್ಲ.

ಥೇಮ್ಸ್ ದಡದ ಕನ್ನಡಿಗ:

ಲಂಡನ್ ಭಾಗ ನಾನು ಹೇಳುತ್ತೇನೆ, ಇಲ್ಲೇ ಹತ್ತಿರದಲ್ಲಿ ಇರುವವನು. ಮೆಟ್ನರ್ ಮನೆ ಇದ್ದದ್ದು ಗೋಲ್ಡರ್ಸ್ ಗ್ರೀನ್‌ನಲ್ಲಿ. ಸ್ವಲ್ಪ ಪಾಠ, ಸ್ವಲ್ಪ ಕಛೇರಿ, ಜರ್ಮನಿಯ ಪ್ರಕಾಶಕರಿಂದ ಬರುವ ಒಂದಷ್ಟು ದುಡ್ಡು, ಹೀಗೆ ಜೀವನ. 1939ರಲ್ಲಿ ಯುದ್ಧ ಶುರುವಾದ ಕೂಡಲೇ ಜರ್ಮನಿಯ ದುಡ್ಡು ನಿಂತಿತು. ಬಾಂಬ್ ದಾಳಿ ಶುರುವಾದಾಗ ಶಿಷ್ಯೆ ಎಡ್ನಾ ಐಲ್ಸ್ ಅವರ ಕುಟುಂಬ ವಾರಿಕ್‌ಶೈರ್‌ನಲ್ಲಿ ಮೆಟ್ನರ್ ಮತ್ತು ಅವರ ಹೆಂಡತಿ ಆನಾ ಇಬ್ಬರಿಗೂ ಆಸರೆ ಕೊಟ್ಟಿತು. 1942ರಲ್ಲಿ ಹೃದಯಾಘಾತ. ಮರುವರ್ಷ ಮಾರ್ಚ್‌ನಲ್ಲಿ ರಾಖ್ಮಾನಿನೋಫ್ ತೀರಿಕೊಂಡರು.

ಇಷ್ಟರ ನಡುವೆಯೇ ಮೂರನೇ ಕಾನ್ಸರ್ಟೋ ಬರೆದು ಮುಗಿಸಿದರು. 1944ರ ಫೆಬ್ರವರಿ 19ರಂದು ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಏಡ್ರಿಯನ್ ಬೋಲ್ಟ್ ಕಂಡಕ್ಟ್ ಮಾಡಿದರು, ಪಿಯಾನೋದಲ್ಲಿ ಸ್ವತಃ ಮೆಟ್ನರ್. ಆಗ ಅವರಿಗೆ 64. ಆ ಕಾನ್ಸರ್ಟೋದ ಅಚ್ಚಾದ ಪ್ರತಿಯಲ್ಲಿ ಅರ್ಪಣೆ ಯಾರಿಗೆ ಗೊತ್ತಾ? ಮೈಸೂರು ಮಹಾರಾಜರಿಗೆ. ತಮ್ಮ ಕೆಲಸವನ್ನು ಮೆಚ್ಚಿ ಮುಂದಕ್ಕೆ ಒಯ್ದದ್ದಕ್ಕೆ ಆಳವಾದ ಕೃತಜ್ಞತೆ ಅಂತ ಬರೆದಿದ್ದಾರೆ.

ಶಿವಮೊಗ್ಗದವನು:

ಇದು ಗೊತ್ತೇ ಇರಲಿಲ್ಲ! ಮಹಾರಾಜರಿಗೆ ಅಷ್ಟು ದೂರದ ಒಬ್ಬ ಮುದುಕರ ಸಂಗೀತ ಹೇಗೆ ಹಿಡಿಸಿತು?

ಗ್ರಾಮಫೋನ್ ಪ್ಲೇಟು:

ಜಯಚಾಮರಾಜ ಒಡೆಯರ್ ಹುಟ್ಟಿದ್ದು 1919ರಲ್ಲಿ. ಪಿಯಾನೋ ಅವರಿಗೆ ಬರೀ ಶೋಕಿ ಆಗಿರಲಿಲ್ಲ. ಲಂಡನ್ನಿನ ಗಿಲ್ಡ್‌ಹಾಲ್ ಮತ್ತು ಟ್ರಿನಿಟಿಯ ಪದವಿ ಪಡೆದವರು, ಕಛೇರಿ ವಾದಕನಾಗುವ ಆಸೆ ಇದ್ದವರು. 1940ರಲ್ಲಿ ತಂದೆ ಕಂಠೀರವ ನರಸಿಂಹರಾಜ ಒಡೆಯರು ತೀರಿಕೊಂಡರು, ಅದೇ ವರ್ಷ ದೊಡ್ಡಪ್ಪ ನಾಲ್ವಡಿಯವರೂ ಹೋದರು. ಇಪ್ಪತ್ತೊಂದಕ್ಕೆ ಪಟ್ಟ. ವೇದಿಕೆಯ ಪಿಯಾನೋ ಅಲ್ಲಿಗೆ ಮುಗಿಯಿತು. ಆದರೆ ಅರಮನೆಯಲ್ಲಿ ಪ್ಲೇಟುಗಳ ದೊಡ್ಡ ಸಂಗ್ರಹ ಬೆಳೆಯಿತು, ಮೆಟ್ನರ್ ಅವರ ಕಿವಿಗೆ ಬಿದ್ದದ್ದೂ ಹಾಗೆಯೇ. ಕಛೇರಿ ವಾದಕನ ಬದುಕು ಬೇಡ ಅಂದವರು ಒಬ್ಬರು, ಬೇಕು ಅಂದರೂ ಸಿಗದವರು ಇನ್ನೊಬ್ಬರು. ಇಬ್ಬರೂ ಒಂದು ಕಡೆ ಸೇರಿದ್ದು ನನಗೆ ಬಹಳ ಹಿಡಿಸುವ ವಿಷಯ.

1946ರಲ್ಲಿ ಮೈಸೂರಿನ ಪ್ರತಿನಿಧಿ ಲಂಡನ್ನಿನಲ್ಲಿ ಮಾತುಕತೆ ನಡೆಸಿದರು. ಮೆಟ್ನರ್ ಸೊಸೈಟಿ ಹುಟ್ಟಿತು. ಹಿಸ್ ಮಾಸ್ಟರ್ಸ್ ವಾಯ್ಸ್ ಕಂಪನಿ ರೆಕಾರ್ಡ್ ಮಾಡುವುದು, ಖರ್ಚು ಮಹಾರಾಜರದು. ಮೂರು ಸಂಪುಟ ಹೊರಬಂದವು.

1947ರಲ್ಲಿ ಮೂರು ಕಾನ್ಸರ್ಟೋಗಳೂ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾ ಜೊತೆ ರೆಕಾರ್ಡ್ ಆದವು. ಮೊದಲನೆಯದಕ್ಕೆ ಕಂಡಕ್ಟರ್ ಜಾರ್ಜ್ ವೆಲ್ಡನ್, ಉಳಿದೆರಡಕ್ಕೆ ರಷ್ಯನ್ನರೇ ಆದ ಇಸ್ಸಾಯ್ ದೊಬ್ರೊವೆನ್. ಅದು 78 ತಿರುವಿನ ಪ್ಲೇಟುಗಳ ಕಾಲ. ಒಂದು ಮಗ್ಗುಲಿಗೆ ನಾಲ್ಕು ನಿಮಿಷದ ಆಸುಪಾಸು ಮಾತ್ರ ಹಿಡಿಯುತ್ತದೆ. ಕತ್ತರಿಸಿ ಅಂಟಿಸುವ ಹಾಗಿಲ್ಲ. ಮೂರೂವರೆ ನಿಮಿಷ ಚೆನ್ನಾಗಿ ಹೋಗಿ ಕೊನೆಯಲ್ಲಿ ಒಂದು ಸ್ವರ ಕೆಟ್ಟರೆ, ಆರ್ಕೆಸ್ಟ್ರಾದಲ್ಲಿ ಯಾರಾದರೂ ಕೆಮ್ಮಿದರೆ, ಇಡೀ ಮಗ್ಗುಲು ಮೊದಲಿಂದ. ಮುಂದಿನ ಮಗ್ಗುಲು ಶುರುವಾಗುವಾಗ ಹಿಂದಿನದು ನಿಂತಲ್ಲಿನ ಅದೇ ವೇಗ, ಅದೇ ಬಿಸಿ ಇರಬೇಕು. ಅರವತ್ತೇಳು ವರ್ಷ, ಹೃದಯದ ಕಾಯಿಲೆ. ಆ ಸ್ಥಿತಿಯಲ್ಲಿ ತಮ್ಮದೇ ಕಠಿಣ ರಚನೆಗಳನ್ನು ಹೀಗೆ ತುಂಡು ತುಂಡಾಗಿ ನುಡಿಸಿದರು. ಕೇಳಿದರೆ ತುಂಡು ಅನ್ನಿಸುವುದೇ ಇಲ್ಲ.

ಹಾಡುಗಳಿಗೆ ಒದಾ ಸ್ಲೊಬೋದ್‌ಸ್ಕಾಯಾ ಮೊದಲಾದವರು ಬಂದರು. 1950ರಲ್ಲಿ ಎಲಿಜಬೆತ್ ಶ್ವಾರ್ಟ್ಸ್‌ಕೋಫ್ ಹಾಡಿದರು, ಪಿಯಾನೋಗೆ ಮೆಟ್ನರ್. ಮರುವರ್ಷ, 1951ರ ನವೆಂಬರ್ 13ರಂದು ಮೆಟ್ನರ್ ತೀರಿಕೊಂಡರು. ಐದು ವರ್ಷ ತಡವಾಗಿದ್ದರೆ ಈ ಸಂಪುಟಗಳೇ ಇರುತ್ತಿರಲಿಲ್ಲ.

ಇತಿಹಾಸದ ಪುಟ:

ಒಂದು ಪ್ರಶ್ನೆ ಎತ್ತಲೇಬೇಕು. 1947ರ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಇಲ್ಲಿ 'ಮೈಸೂರು ಚಲೋ' ನಡೆಯುತ್ತಿತ್ತು. ಜವಾಬ್ದಾರಿ ಸರ್ಕಾರ ಬೇಕು ಅಂತ ಜನ ಜೈಲಿಗೆ ಹೋಗುತ್ತಿದ್ದರು. ಚಳವಳಿ ಗೆದ್ದ ಮೇಲೆಯೇ ಕೆ.ಸಿ. ರೆಡ್ಡಿ ಮಂತ್ರಿಮಂಡಲ ಬಂದದ್ದು. ಅದೇ ವರ್ಷ ಲಂಡನ್ನಿನಲ್ಲಿ ಮೈಸೂರಿನ ದುಡ್ಡಿನಲ್ಲಿ ಪ್ಲೇಟು ತಯಾರಾಗುತ್ತಿತ್ತು. ಇಷ್ಟಕ್ಕೇ ನಿಲ್ಲಲಿಲ್ಲ. ರೆಕಾರ್ಡ್ ನಿರ್ಮಾಪಕ ವಾಲ್ಟರ್ ಲೆಗ್ ಕಟ್ಟಿದ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾಗೆ ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷ ನೆರವು ಹೋಯಿತು. ಜರ್ಮನ್ ರಚನಕಾರ ರಿಚರ್ಡ್ ಸ್ಟ್ರಾಸ್ ಅವರ 'ಕೊನೆಯ ನಾಲ್ಕು ಹಾಡು'ಗಳ ಮೊದಲ ಪ್ರದರ್ಶನ 1950ರ ಮೇ 22ರಂದು ಆಲ್ಬರ್ಟ್ ಹಾಲ್‌ನಲ್ಲಿ ಆಯಿತಲ್ಲ, ಅದಕ್ಕೆ 4,800 ಡಾಲರ್ ಖಾತರಿ ಕೊಟ್ಟವರೂ ಇದೇ ಮಹಾರಾಜರು. ಸಂಗೀತ ಪ್ರೇಮ ಸರಿ, ಆದರೆ ರಾಜರ ದುಡ್ಡು ಅಂದರೆ ಕೊನೆಗೆ ರೈತನ ದುಡ್ಡೇ ಅಲ್ವಾ?

ವೀಣೆ ಬೀದಿ:

ಪ್ರಶ್ನೆ ನ್ಯಾಯವಾದದ್ದು. ಆದರೆ ಅವರು ಪಶ್ಚಿಮದ ಸಂಗೀತಕ್ಕೆ ಮಾತ್ರ ಖರ್ಚು ಮಾಡಿದವರಲ್ಲ. ಅದೇ ವರ್ಷಗಳಲ್ಲಿ ವೆಂಕಟಗಿರಿಯಪ್ಪನವರ ಹತ್ತಿರ ವೀಣೆ, ವಾಸುದೇವಾಚಾರ್ಯರ ಮಾರ್ಗದರ್ಶನದಲ್ಲಿ ರಚನೆ. 'ಶ್ರೀವಿದ್ಯಾ' ಅಂಕಿತದಲ್ಲಿ 94 ಕೃತಿ ಬರೆದರು. ಆಸ್ಥಾನದಲ್ಲಿ ಎಷ್ಟು ವಿದ್ವಾಂಸರು ಬದುಕಿದರು ಅಂತ ನಮ್ಮ ಊರಿಗೆ ಹೇಳಿಕೊಡಬೇಕಾಗಿಲ್ಲ. ಕಿವಿಗೆ ಸತ್ಯ ಅನ್ನಿಸಿದ್ದನ್ನು ಯಾವ ದೇಶದ್ದಾದರೂ ಉಳಿಸಿದರು. ಮೆಟ್ನರ್‌ಗೆ ಸ್ಟ್ರಾಸ್ ಸಂಗೀತ ಸೇರುತ್ತಲೇ ಇರಲಿಲ್ಲ. ಮಹಾರಾಜರು ಇಬ್ಬರಿಗೂ ನೆರವಾದರು.

ಇತಿಹಾಸದ ಪುಟ:

ವೀಣೆ ಬೀದಿಯವರೇ, ಆಸ್ಥಾನ ವಿದ್ವಾಂಸರ ವಿಷಯ ಒಪ್ಪಿದೆ. ನನ್ನ ಪ್ರಶ್ನೆ ಹಾಗೇ ಇರಲಿ. ಮೆಟ್ನರ್ ಕಥೆ ಹೇಳುವಾಗ ಮೈಸೂರು ಚಲೋದವರನ್ನೂ ನೆನೆಸಿಕೊಳ್ಳಬೇಕು ಅನ್ನುವುದಷ್ಟೇ ನನ್ನ ಮಾತು.

ಗ್ರಾಮಫೋನ್ ಪ್ಲೇಟು:

ನೆನೆಸಿಕೊಳ್ಳಲೇಬೇಕು. ಎರಡೂ ನಮ್ಮ ಊರಿನ ಅದೇ ವರ್ಷದ ಕಥೆಗಳು, ಒಂದನ್ನು ಹೇಳಲು ಇನ್ನೊಂದನ್ನು ಮುಚ್ಚಿಡಬೇಕಾಗಿಲ್ಲ.

ವಿಫಲ ಜೀವನ ಅನ್ನುವ ಮಾತಿಗೆ ಈಗ ಉತ್ತರ ಹೇಳುತ್ತೇನೆ. 1958ರಲ್ಲಿ ಆನಾ ಹಸ್ತಪ್ರತಿಗಳನ್ನು ತೆಗೆದುಕೊಂಡು ಮಾಸ್ಕೋಗೆ ಮರಳಿದರು. 1959ರಿಂದ 1963ರ ಒಳಗೆ ಅಲ್ಲಿ ಹನ್ನೆರಡು ಸಂಪುಟಗಳಲ್ಲಿ ಸಮಗ್ರ ಕೃತಿಗಳು ಅಚ್ಚಾದವು. ಹೊರಗೆ ಹೇಮಿಶ್ ಮಿಲ್ನ್, ಜೆಫ್ರಿ ಟೋಜರ್ ಅಂಥವರು ವರ್ಷಗಟ್ಟಲೆ ಇವನ್ನೇ ನುಡಿಸಿ ರೆಕಾರ್ಡ್ ಮಾಡಿದರು. ಮಾರ್ಕ್-ಆಂಡ್ರೆ ಹ್ಯಾಮ್ಲಿನ್ ಹದಿನಾಲ್ಕೂ ಸೊನಾಟಾ ಮುಗಿಸಿದರು. ಇಂದು ನುಡಿಸುವ ಪ್ರತಿಯೊಬ್ಬರಿಗೂ ರಚನಕಾರ ಸ್ವತಃ ಹೇಗೆ ನುಡಿಸಿದ ಅನ್ನುವ ಸಾಕ್ಷಿ ಕೈಯಲ್ಲಿದೆ. ಎಷ್ಟು ವೇಗ, ಎಲ್ಲಿ ಉಸಿರು, ಯಾವ ಧ್ವನಿ ಮುಂದೆ. ಕಛೇರಿ ಕೊಟ್ಟು ಹೆಸರು ಮಾಡಿದ ಆ ಕಾಲದ ಎಷ್ಟೋ ವಾದಕರ ವಿಷಯದಲ್ಲಿ ಅಷ್ಟೂ ಉಳಿದಿಲ್ಲ. ಸಂಗೀತ ಬಿಟ್ಟುಕೊಡದೆ ಬದುಕಿ, ಅದನ್ನು ತನ್ನ ಕೈಯಿಂದಲೇ ನುಡಿಸಿಟ್ಟು ಹೋದವರನ್ನು ವಿಫಲ ಅನ್ನುವುದು ಹೇಗೆ?

ನೇರಮಾತು:

ರೆಕಾರ್ಡ್ ವಿಷಯದಲ್ಲಿ ಒಪ್ಪುತ್ತೇನೆ. ಪುಸ್ತಕದ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಮೂರನೇ ಕಾನ್ಸರ್ಟೋ ಇವತ್ತು ರಾತ್ರಿ ಕೇಳಬೇಕು ಅಂತಿದ್ದೇನೆ. ಏನು ಗಮನಿಸಲಿ?

ಕಪ್ಪು ಬಿಳಿ ಮನೆಗಳು:

ದೊಬ್ರೊವೆನ್ ಜೊತೆ ಮೆಟ್ನರ್ ನುಡಿಸಿದ್ದನ್ನೇ ಕೇಳಿ, ಸಿಡಿಯಲ್ಲಿ ಮತ್ತೆ ಬಂದಿದೆ, ನೆಟ್‌ನಲ್ಲೂ ಸಿಗುತ್ತದೆ. ಹೆಸರು 'ಬ್ಯಾಲಡ್'. ಶುರುವಿನ ಹಿಂದೆ ಲೆರ್ಮೊಂತೋವ್ ಬರೆದ ಜಲಕನ್ಯೆಯ ಕವಿತೆ ಇದೆ. ನದಿಯಲ್ಲಿ ತೇಲುವ ಅವಳು, ತಳದಲ್ಲಿ ಮಲಗಿದ ಪರದೇಶದ ವೀರ. ಮೂರು ಭಾಗಗಳು ನಿಲ್ಲದೆ ಒಂದಕ್ಕೊಂದು ಹೊಂದಿಕೊಂಡು ಹೋಗುತ್ತವೆ. ನಡುವಿನದು ತುಂಬಾ ಚಿಕ್ಕದು, ಗಮನ ಇಲ್ಲದಿದ್ದರೆ ದಾಟಿ ಹೋಗಿದ್ದೇ ಗೊತ್ತಾಗುವುದಿಲ್ಲ. ಮೂರನೇ ಭಾಗ ಎಚ್ಚರಗೊಂಡ ವೀರನದು. ಮೊದಲ ಭಾಗದ ಸ್ವರಗಳು ಅಲ್ಲಿ ಬೇರೆ ಬೇರೆ ವೇಷದಲ್ಲಿ ಬರುತ್ತವೆ, ಗುರುತು ಹಿಡಿಯಿರಿ. ಶಬ್ದ ಹಳೆಯದು, ಸ್ವಲ್ಪ ಗೊರಗೊರ ಇದೆ. ಹೆಡ್‌ಫೋನ್ ಹಾಕಿಕೊಳ್ಳಿ. ಎಡಗೈ ಕಡೆಗೆ ಜಾಸ್ತಿ ಕಿವಿ ಇಡಿ. ಕೇಳಿ ಆದ ಮೇಲೆ ಇಲ್ಲೇ ಬರೆಯಿರಿ, ವೀಣೆ ಬೀದಿಯವರೂ ಕೇಳಲಿ. ತಾಳ ಎಲ್ಲಿ ಕೂತಿತು, ಎಲ್ಲಿ ಕೂರಲಿಲ್ಲ ಅಂತ ಮಾತಾಡೋಣ.